ಜಾವಾ ಬಲ್ಲವರು ಗೋ ಕಲಿಯಲು ಯಾವ ಪುಸ್ತಕ? 2015ರದ್ದು ಈಗಲೂ ಸಾಕೇ?

ಜಾವಾ_ಬಿಟ್ಟವ:

ಎಲ್ಲರಿಗೂ ನಮಸ್ಕಾರ. 11 ವರ್ಷಗಳಿಂದ ಜಾವಾದಲ್ಲೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ನಮ್ಮ ತಂಡವು ಹಳೆಯ ಸರ್ವೀಸ್‌ಗಳಲ್ಲಿ ಎರಡನ್ನು ಗೋ ಭಾಷೆಯಲ್ಲಿ ಹೊಸದಾಗಿ ಬರೆಯಲು ತೀರ್ಮಾನಿಸಿದೆ. ಅವುಗಳಲ್ಲಿ ಒಂದು ನನ್ನ ಪಾಲಿಗೆ ಬಂದಿದ್ದು, ಕೈಯಲ್ಲಿರುವುದು ಸುಮಾರು ಮೂರು ತಿಂಗಳು. ವೀಡಿಯೊ ನೋಡಿ ಕಲಿಯುವುದು ನನ್ನಿಂದ ಆಗುವ ಕೆಲಸವಲ್ಲ. ನೋಡುವಾಗ ಎಲ್ಲವೂ ತಿಳಿದಂತೆ ಅನ್ನಿಸಿ, ಎಡಿಟರ್ ತೆರೆದ ಕೂಡಲೇ ಕೈ ನಿಂತುಬಿಡುತ್ತದೆ. ಪುಸ್ತಕವನ್ನು ಎದುರಿಗಿಟ್ಟುಕೊಂಡು, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತ ಓದಿದರೆ ಮಾತ್ರ ನನ್ನ ತಲೆಗೆ ಹತ್ತುತ್ತದೆ.

ವಿಚಾರಿಸಿದವರಲ್ಲಿ ಹೆಚ್ಚಿನವರು ಹೇಳಿದ್ದು ಅಲನ್ ಡೊನೊವನ್ ಮತ್ತು ಬ್ರಯಾನ್ ಕರ್ನಿಗನ್ ಬರೆದ ‘ದಿ ಗೋ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಪುಸ್ತಕವನ್ನು. ಆದರೆ ಅದು ಬಂದದ್ದು 2015ರಲ್ಲಿ. ಆಮೇಲೆ ಭಾಷೆಗೆ ಜೆನೆರಿಕ್ಸ್ (ಒಂದೇ ಕೋಡನ್ನು ಹಲವು ಟೈಪುಗಳಿಗೆ ಬಳಸುವ ಸೌಲಭ್ಯ) ಬಂದಿದೆ, ಕೋಡನ್ನು ಆವೃತ್ತಿ ಸಮೇತ ಕಟ್ಟುಗಳಾಗಿ ನೋಡಿಕೊಳ್ಳುವ ಮಾಡ್ಯೂಲ್ ವ್ಯವಸ್ಥೆ ಬಂದಿದೆ. ಇನ್ನು ಕೆಲವರು ಜಾನ್ ಬೋಡ್ನರ್ ಅವರ ‘ಲರ್ನಿಂಗ್ ಗೋ’ ಎನ್ನುತ್ತಾರೆ. ಅದರ ಎರಡನೆಯ ಆವೃತ್ತಿ 2024ರದ್ದು. ಈ ನಡುವೆ ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ, ಕೆಲವೇ ದಿನಗಳಲ್ಲಿ ಪರಿಣತರಾಗಬಹುದೆಂದು ರಕ್ಷಾಪುಟದಲ್ಲೇ ಭರವಸೆ ಕೊಡುವ ಒಂದು ದಪ್ಪ ಪುಸ್ತಕವೂ ಅರ್ಧ ಬೆಲೆಗೆ ಸಿಕ್ಕಿತು, ಕೊಳ್ಳದೆ ಬಂದೆ. ಹಳೆಯದಾದರೂ ಎಲ್ಲರೂ ಹೊಗಳುವ ಪುಸ್ತಕವನ್ನು ಓದಬೇಕೋ, ಹೊಸದನ್ನೇ ಹಿಡಿಯಬೇಕೋ? ಎರಡನ್ನೂ ಓದುವಷ್ಟು ಸಮಯ ನನಗಿಲ್ಲ.

ಕಡಲತೀರ:

ಆರು ವರ್ಷಗಳಿಂದ ಗೋದಲ್ಲಿ ಕೆಲಸ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ನಿಮ್ಮ ಹಾಗೆ ಜಾವಾದವನೇ. ಒಂದೇ ಮಾತಿನಲ್ಲಿ ಉತ್ತರ ಬೇಕೆಂದರೆ, 2015ರದ್ದನ್ನು ಕೊಳ್ಳಿ. ಆದರೆ ಏಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಾಳೆ ನೀವು ರಸ್ಟ್ ಎಂಬ ಇನ್ನೊಂದು ಭಾಷೆ ಕಲಿಯಲು ಹೊರಟರೂ ಇದೇ ಪ್ರಶ್ನೆ ಎದುರಾಗುತ್ತದೆ.

ಒಂದು ಭಾಷೆಯಲ್ಲಿ ಕೈ ಪಳಗಿದವರಿಗೆ ಇಫ್ ಎಂದರೇನು, ಲೂಪ್ ಎಂದರೇನು ಎಂದು ಹೇಳಿಕೊಡುವ ಪುಸ್ತಕ ಬೇಕಾಗಿಲ್ಲ. ಹಳೆಯ ಭಾಷೆಯ ರೂಢಿ ಎಲ್ಲಿ ಕಾಲಿಗೆ ತೊಡರುತ್ತದೆಯೋ ಅಲ್ಲಿ ಎಚ್ಚರಿಸುವ ಪುಸ್ತಕ ಬೇಕು. ಆದ್ದರಿಂದ ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡಾಗ ಮೊದಲ ಅಧ್ಯಾಯವನ್ನು ನೋಡಿ ಮರುಳಾಗಬೇಡಿ. ಮೊದಲ ಅಧ್ಯಾಯವನ್ನು ಯಾರಾದರೂ ಚೆನ್ನಾಗಿಯೇ ಬರೆದಿರುತ್ತಾರೆ. ನಿಮಗೆ ಗೊತ್ತಿರುವ ಭಾಷೆಯಿಂದ ಹೊಸ ಭಾಷೆ ಎಲ್ಲಿ ದಾರಿ ಬೇರೆ ಮಾಡಿಕೊಂಡಿದೆಯೋ ಆ ಪುಟವನ್ನೇ ನೇರವಾಗಿ ತೆರೆಯಿರಿ. ಸಿ ಆದರೆ ಪಾಯಿಂಟರ್, ರಸ್ಟ್ ಆದರೆ ಓನರ್‌ಶಿಪ್. ಜಾವಾದಿಂದ ಗೋಗೆ ಬರುವವರಿಗೆ ಆ ಜಾಗ ಇಂಟರ್‌ಫೇಸ್, ಅಂದರೆ ಒಂದು ಟೈಪಿಗೆ ಯಾವ ಯಾವ ಮೆಥಡ್ ಇರಬೇಕೆಂದು ಹೇಳುವ ಪಟ್ಟಿ.

2015ರ ಪುಸ್ತಕದ ಏಳನೆಯ ಅಧ್ಯಾಯ ಪೂರ್ತಿ ಇಂಟರ್‌ಫೇಸ್‌ಗೆ ಮೀಸಲು. ಅದರಲ್ಲಿ ಒಂದು ಚಿಕ್ಕ ಉದಾಹರಣೆ ಇದೆ. ಡೀಬಗ್ ಎಂಬ ಒಂದು ಸ್ಥಿರಾಂಕ. ಅದು ನಿಜವಾಗಿದ್ದರೆ ಮಾತ್ರ ಒಂದು ಬಫರ್ ಸೃಷ್ಟಿಯಾಗುತ್ತದೆ, ಇಲ್ಲವಾದರೆ ಅದನ್ನು ತೋರಿಸಬೇಕಾದ ಪಾಯಿಂಟರ್ ನಿಲ್ (ಏನನ್ನೂ ತೋರಿಸದ ಖಾಲಿ ಮೌಲ್ಯ, ಜಾವಾದ ನಲ್ ಇದ್ದಂತೆ) ಆಗಿಯೇ ಉಳಿಯುತ್ತದೆ. ಅದನ್ನು ರೈಟರ್ ಇಂಟರ್‌ಫೇಸ್ ಸ್ವೀಕರಿಸುವ ಒಂದು ಫಂಕ್ಷನ್‌ಗೆ ಕಳಿಸುತ್ತಾರೆ. ಫಂಕ್ಷನ್ನಿನ ಒಳಗೆ ಬಂದದ್ದು ನಿಲ್ ಅಲ್ಲದಿದ್ದರೆ ಮಾತ್ರ ಬರೆಯಬೇಕು ಎಂಬ ತಪಾಸಣೆಯೂ ಇದೆ. ಜಾವಾದವರ ಕಣ್ಣಿಗೆ ಇದು ಎಲ್ಲ ರೀತಿಯಿಂದಲೂ ಸುರಕ್ಷಿತ. ಆದರೆ ಡೀಬಗ್ ಅನ್ನು ಸುಳ್ಳು ಮಾಡಿದರೆ ಪ್ರೋಗ್ರಾಮ್ ಕುಸಿಯುತ್ತದೆ. ಕಾರಣ ಇಷ್ಟೇ: ಗೋದಲ್ಲಿ ಇಂಟರ್‌ಫೇಸ್ ಮೌಲ್ಯಕ್ಕೆ ಎರಡು ಭಾಗ, ಒಂದು ಟೈಪ್, ಇನ್ನೊಂದು ಅದರೊಳಗಿನ ಮೌಲ್ಯ. ಡಬ್ಬಿ ಖಾಲಿಯಾಗಿದ್ದರೂ ಮೇಲೆ ‘ಬಫರ್’ ಎಂಬ ಚೀಟಿ ಅಂಟಿಕೊಂಡಿರುವುದರಿಂದ ಅದು ನಿಲ್ ಎನಿಸಿಕೊಳ್ಳುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇದೇ ತಪ್ಪನ್ನು ಎರರ್ ಹಿಂದಿರುಗಿಸುವ ಕಡೆ ಮಾಡಿ, ತಪ್ಪೇ ಇಲ್ಲದಿದ್ದರೂ ತಪ್ಪಾಗಿದೆ ಎಂದು ಹೇಳುವ ಒಂದು ಸರ್ವೀಸನ್ನು ಎರಡು ದಿನ ಓಡಿಸಿದ್ದೆ. ಆ ಪುಟವನ್ನು ಅಷ್ಟರೊಳಗೆ ಓದಿದ್ದರೆ ಆ ಎರಡು ರಾತ್ರಿ ಉಳಿಯುತ್ತಿದ್ದವು.

ನೀವು ಹೇಳಿದ ಅರ್ಧ ಬೆಲೆಯ ಪುಸ್ತಕವನ್ನು ನಾನು ನೋಡಿಲ್ಲ. ಮತ್ತೆ ಆ ಕಡೆ ಹೋದರೆ ಅದರ ಪದಸೂಚಿಯಲ್ಲಿ ನಿಲ್ ಎಂಬ ಪದ ಎಲ್ಲೆಲ್ಲಿ ಬರುತ್ತದೆ ಎಂದು ನೋಡಿ. ಪದಸೂಚಿಯೇ ಇಲ್ಲವಾದರೆ ಅಲ್ಲಿಗೇ ತೀರ್ಪಾಯಿತು.

ಗುಂಡುಸೂಜಿ:

ಕಡಲತೀರ ಅವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ ಮಾತ್ರ. ಹಳೆಯ ಪುಸ್ತಕ ಎಷ್ಟೇ ಒಳ್ಳೆಯದಾಗಿರಲಿ, ಅದರಲ್ಲಿ ಯಾವುದು ಹಳತಾಗಿದೆ ಎಂದು ತಿಳಿಯಲು ಆ ಭಾಷೆ ಮೊದಲೇ ಗೊತ್ತಿರಬೇಕಾಗುತ್ತದೆ. ಕಲಿಯಲು ಹೊರಟವನಿಗೆ ಅದೇ ಗೊತ್ತಿರುವುದಿಲ್ಲ.

ಇದನ್ನು ನಾನು ಕಾಸು ಕೊಟ್ಟು ಕಲಿತಿದ್ದೇನೆ. 2014ರಲ್ಲಿ ಪೈಥಾನ್ ಕಲಿಯಬೇಕೆಂದು ಒಂದು ಪುಸ್ತಕ ಕೊಂಡೆ. ಒಳಪುಟದಲ್ಲಿ 2013 ಎಂದು ಅಚ್ಚಾಗಿತ್ತು, ಹೊಸದೇ ಇರಬೇಕೆಂದುಕೊಂಡೆ. ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡಿದ್ದು ಪೈಥಾನ್ 3. ಮೊದಲ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಪ್ರಿಂಟ್ ಕೆಲಸ ಮಾಡಲಿಲ್ಲ. ಪುಸ್ತಕದಲ್ಲಿ ಪ್ರಿಂಟ್‌ಗೆ ಆವರಣ ಚಿಹ್ನೆ ಇರಲಿಲ್ಲ. ಪೈಥಾನ್ 3ರಲ್ಲಿ ಅದು ಫಂಕ್ಷನ್ ಆದ್ದರಿಂದ ಆವರಣ ಬೇಕೇ ಬೇಕು. ಅಷ್ಟಕ್ಕೇ ನಿಲ್ಲಲಿಲ್ಲ. ಏಳನ್ನು ಎರಡರಿಂದ ಭಾಗಿಸಿದರೆ ಮೂರು ಎಂದು ಪುಸ್ತಕ ಹೇಳುತ್ತಿತ್ತು, ನನ್ನ ಪರದೆಯ ಮೇಲೆ ಮೂರೂವರೆ ಬರುತ್ತಿತ್ತು. ತಪ್ಪು ನನ್ನದೆಂದೇ ಒಂದು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಮತ್ತೊಮ್ಮೆ ಒಳಪುಟ ನೋಡಿದಾಗ ಗೊತ್ತಾಯಿತು, 2013 ಎನ್ನುವುದು ಮರುಮುದ್ರಣದ ವರ್ಷ. ಆವೃತ್ತಿಯ ವರ್ಷ ಅದರ ಮೇಲಿನ ಸಾಲಿನಲ್ಲಿ ಸಣ್ಣ ಅಕ್ಷರಗಳಲ್ಲಿತ್ತು, ಪೈಥಾನ್ 3.0 ಬಿಡುಗಡೆಯಾದ 2008ಕ್ಕಿಂತಲೂ ಹಿಂದಿನದು. ನಮ್ಮಲ್ಲಿ ಅಗ್ಗದ ಭಾರತೀಯ ಮುದ್ರಣಗಳು ವರ್ಷಗಟ್ಟಲೆ ಮರುಮುದ್ರಣವಾಗುತ್ತಲೇ ಇರುತ್ತವೆ. ಒಳಗಿನ ಒಂದಕ್ಷರವೂ ಬದಲಾಗಿರುವುದಿಲ್ಲ. ಆದ್ದರಿಂದ ಮುದ್ರಣದ ವರ್ಷವನ್ನಲ್ಲ, ಆವೃತ್ತಿಯ ವರ್ಷವನ್ನು ನೋಡಬೇಕು, ನೋಡಿ ಭಾಷೆಯ ಬಿಡುಗಡೆಗಳ ಪಟ್ಟಿಯ ಪಕ್ಕದಲ್ಲಿ ಇಡಬೇಕು.

ಗೋ ವಿಷಯದಲ್ಲಿ ಹಾಗೆ ಇಟ್ಟು ನೋಡಿದರೆ ಸಾಕಷ್ಟು ನೀರು ಹರಿದುಹೋಗಿದೆ. ನಡೆಯುತ್ತಿರುವ ಕೆಲಸವನ್ನು ರದ್ದು ಮಾಡುವ ಸುದ್ದಿ ಮುಟ್ಟಿಸುವ ಕಾಂಟೆಕ್ಸ್ಟ್ ಪ್ಯಾಕೇಜ್ 2016ರಲ್ಲಿ ಗೋ 1.7 ಆವೃತ್ತಿಯ ಜೊತೆ ಸ್ಟ್ಯಾಂಡರ್ಡ್ ಲೈಬ್ರರಿಗೆ ಬಂದಿತು. ಇಂದು ಅದಿಲ್ಲದ ಸರ್ವರ್ ಕೋಡ್ ಸಿಗುವುದೇ ಕಷ್ಟ. ಒಂದು ಎರರ್‌ನೊಳಗೆ ಇನ್ನೊಂದನ್ನು ಸುತ್ತಿಟ್ಟು, ಮುಂದೆ ಬಿಚ್ಚಿ ನೋಡುವ ವ್ಯವಸ್ಥೆ 2019ರ 1.13ರದ್ದು. 2021ರ 1.16ರಲ್ಲಿ ಫೈಲ್ ಓದು-ಬರಹದ ಐಓ-ಯುಟಿಲ್ ಪ್ಯಾಕೇಜನ್ನು ಇನ್ನು ಬಳಸಬೇಡಿ ಎಂದು ಹೇಳಲಾಯಿತು, 2022ರ 1.18ರಲ್ಲಿ ಜೆನೆರಿಕ್ಸ್ ಬಂದಿತು. ಇವು ಯಾವುವೂ 2015ರ ಪುಸ್ತಕದಲ್ಲಿ ಇರಲು ಸಾಧ್ಯವೇ ಇಲ್ಲ. ಮೂರು ತಿಂಗಳ ಗಡುವು ಇರುವವರಿಗೆ 2024ರ ಪುಸ್ತಕವೇ ಸರಿ.

ಜಾವಾ_ಬಿಟ್ಟವ:

ಇಬ್ಬರಿಗೂ ಧನ್ಯವಾದಗಳು. ಸಹೋದ್ಯೋಗಿಯೊಬ್ಬರ ಬಳಿ ಇದ್ದ 2015ರ ಪುಸ್ತಕವನ್ನು ಎರಡು ದಿನಕ್ಕೆ ತಂದುಕೊಂಡೆ. ಮೊದಲ ಅಧ್ಯಾಯದ ಆರಂಭದಲ್ಲೇ ತಡೆದು ನಿಂತಿದ್ದೇನೆ. ಉದಾಹರಣೆಗಳನ್ನು ಇಳಿಸಿಕೊಳ್ಳಲು ‘ಗೋ ಗೆಟ್’ ಆಜ್ಞೆ ಕೊಡಿ ಎಂದು ಪುಸ್ತಕ ಹೇಳುತ್ತದೆ. ಹಾಗೆ ಮಾಡಿದರೆ, ಮಾಡ್ಯೂಲ್ ಫೈಲ್ ಈ ಫೋಲ್ಡರಿನಲ್ಲಾಗಲಿ ಮೇಲಿನ ಯಾವ ಫೋಲ್ಡರಿನಲ್ಲಾಗಲಿ ಸಿಗಲಿಲ್ಲ, ಮಾಡ್ಯೂಲಿನ ಹೊರಗೆ ಈ ಆಜ್ಞೆಗೆ ಈಗ ಬೆಂಬಲವಿಲ್ಲ ಎಂದು ಉತ್ತರ ಬರುತ್ತಿದೆ. ಗುಂಡುಸೂಜಿ ಅವರು ಹೇಳಿದ್ದು ಇದನ್ನೇ ಇರಬೇಕು.

ಕಡಲತೀರ:

ಅದು 1.18ರಿಂದ ಹಾಗೆ. ಪುಸ್ತಕ ಬಂದ ಕಾಲದಲ್ಲಿ ಎಲ್ಲ ಕೋಡ್ ಗೋಪಾತ್ ಎಂಬ ಒಂದೇ ಫೋಲ್ಡರಿನ ಕೆಳಗೆ ಇರಬೇಕಿತ್ತು. ಈಗ ನಿಮ್ಮದೇ ಒಂದು ಫೋಲ್ಡರ್ ಮಾಡಿ, ಅದರೊಳಗೆ ‘ಗೋ ಮಾಡ್ ಇನಿಟ್’ ಎಂದು ಬರೆದು ಮುಂದೆ ಯಾವುದಾದರೂ ಹೆಸರು ಕೊಡಿ, ಪ್ರೋಗ್ರಾಮನ್ನು ಕೈಯಾರೆ ಟೈಪ್ ಮಾಡಿ ಓಡಿಸಿ. ಉದಾಹರಣೆಗಳು ಇಳಿದುಬರಲಿಲ್ಲವೆಂದು ಬೇಸರ ಬೇಡ. ಮೊದಲ ಅಧ್ಯಾಯದವು ಎಲ್ಲವೂ ಒಂದೊಂದು ಪುಟದವು. ಹತ್ತನೆಯ ಅಧ್ಯಾಯದಲ್ಲಿ ಗೋಪಾತ್ ಬಗ್ಗೆ ಬರುವ ಪುಟಗಳನ್ನು ಬಿಟ್ಟುಬಿಡಿ, ಅಂಚಿನಲ್ಲಿ ಅಡ್ಡಗೆರೆ ಎಳೆದರೂ ಆದೀತು. ಪುಸ್ತಕ ಸಹೋದ್ಯೋಗಿಯದೆಂದು ಈಗ ನೆನಪಾಯಿತು, ಗೆರೆ ಬೇಡ.

ಉಳಿದ ಕೋಡ್ ಇಂದಿನ ಕಂಪೈಲರ್‌ನಲ್ಲೂ ಹೆಚ್ಚುಕಡಿಮೆ ಹಾಗೆಯೇ ಓಡುತ್ತದೆ. ಗುಂಡುಸೂಜಿ ಅವರ ಪೈಥಾನ್ ಹೋಲಿಕೆ ಇಲ್ಲಿ ಪೂರ್ತಿ ಹೊಂದುವುದಿಲ್ಲ ಎನ್ನುವುದು ಇದಕ್ಕೇ. 2012ರಲ್ಲಿ ಗೋ 1 ಬಿಡುಗಡೆಯಾದಾಗಲೇ, ಅದಕ್ಕೆ ಬರೆದ ಪ್ರೋಗ್ರಾಮ್‌ಗಳು ಮುಂದಿನ 1.x ಬಿಡುಗಡೆಗಳಲ್ಲೂ ನಡೆಯುತ್ತವೆ ಎಂಬ ವಚನವನ್ನು ಭಾಷೆಯನ್ನು ನೋಡಿಕೊಳ್ಳುವವರು ಕೊಟ್ಟಿದ್ದರು, ಬಹುಮಟ್ಟಿಗೆ ಉಳಿಸಿಕೊಂಡೂ ಬಂದಿದ್ದಾರೆ. ಬಳಸಬೇಡಿ ಎಂದ ಐಓ-ಯುಟಿಲ್ ಕೂಡ ಇನ್ನೂ ಅಲ್ಲೇ ಇದೆ, ಕೆಲಸವನ್ನೂ ಮಾಡುತ್ತದೆ. ಪುಸ್ತಕದ ವಯಸ್ಸನ್ನು ಬರೀ ವರ್ಷಗಳಲ್ಲಿ ಎಣಿಸುವುದಕ್ಕಿಂತ ಆ ಭಾಷೆ ಹಳೆಯ ಕೋಡನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ಕೇಳುವುದು ಹೆಚ್ಚು ಸರಿ.

ಗುಂಡುಸೂಜಿ:

ವಚನ ಉಳಿಸಿಕೊಂಡಿದ್ದಾರೆ ಎನ್ನುತ್ತೀರಿ. ಹಾಗಾದರೆ ಲೂಪ್ ವೇರಿಯಬಲ್ ಕಥೆ ಏನು? ಐದನೆಯ ಅಧ್ಯಾಯದಲ್ಲಿ, ತಾತ್ಕಾಲಿಕ ಡೈರೆಕ್ಟರಿಗಳನ್ನು ಮಾಡಿ, ಅಳಿಸುವ ಫಂಕ್ಷನ್‌ಗಳನ್ನು ಒಂದು ಸ್ಲೈಸಿನಲ್ಲಿ (ಉದ್ದ ಬೆಳೆಯಬಲ್ಲ ಪಟ್ಟಿಯಲ್ಲಿ) ಕೂಡಿಟ್ಟುಕೊಳ್ಳುವ ಉದಾಹರಣೆ ಇದೆಯಲ್ಲವೇ, ಅಲ್ಲಿ ಲೂಪಿನ ವೇರಿಯಬಲನ್ನು ಒಳಗೆ ಇನ್ನೊಂದು ಹೆಸರಿಗೆ ನಕಲು ಮಾಡಿಕೊಳ್ಳುವುದು ಅಗತ್ಯ ಎಂದು ಒತ್ತಿ ಹೇಳಿದ್ದಾರೆ. 2024ರ ಫೆಬ್ರುವರಿಯಲ್ಲಿ ಬಂದ 1.22ರಿಂದ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಹುಟ್ಟುತ್ತದೆ, ನಕಲಿನ ಅಗತ್ಯವೇ ಇಲ್ಲ. ಹೊಸಬರು ಈ ಪಾಠ ಓದಿ ಎಲ್ಲ ಲೂಪಿನಲ್ಲೂ ಬೇಡದ ಒಂದು ಸಾಲು ಬರೆಯುತ್ತಾರೆ.

ಕಡಲತೀರ:

ಸರಿಯಾದ ಕಡೆ ಚುಚ್ಚಿದ್ದೀರಿ. ಆದರೆ ಆ ಬದಲಾವಣೆ ಮಾಡ್ಯೂಲ್ ಫೈಲಿನಲ್ಲಿ 1.22 ಅಥವಾ ಅದರ ಮೇಲಿನ ಆವೃತ್ತಿಯನ್ನು ನಮೂದಿಸಿದ ಕೋಡಿಗೆ ಮಾತ್ರ ಅನ್ವಯಿಸುತ್ತದೆ. ಅದೇ ಕಂಪೈಲರ್, ಫೈಲಿನಲ್ಲಿ 1.21 ಎಂದಿದ್ದರೆ ಹಳೆಯ ರೀತಿಯಲ್ಲೇ ನಡೆದುಕೊಳ್ಳುತ್ತದೆ. ಕಂಪನಿಗಳಲ್ಲಿ ಹಾಗೆ ಬರೆದಿಟ್ಟು ಮರೆತ ಮಾಡ್ಯೂಲ್‌ಗಳು ಎಷ್ಟಿಲ್ಲ? ಜಾವಾ_ಬಿಟ್ಟವ ಅವರು ನಾಳೆ ಅಂಥ ಕೋಡ್ ತೆರೆದಾಗ, ಈ ನಕಲು ಸಾಲು ಏಕೆ ಇದೆ ಎಂದು ತಿಳಿಯದೆ ‘ಅನಗತ್ಯ’ ಎಂದು ಅಳಿಸಿದರೆ, ಪ್ರತಿ ಸುತ್ತಿನ ಫಂಕ್ಷನ್ನೂ ಕೊನೆಯ ಡೈರೆಕ್ಟರಿಯನ್ನೇ ಅಳಿಸಲು ಹೋಗುತ್ತದೆ. ಹಳತಾದ ಪಾಠವೇ ಕೆಲವೊಮ್ಮೆ ಕೆಲಸಕ್ಕೆ ಬರುವ ಪಾಠ.

ನಿವೃತ್ತ_ಮೇಷ್ಟ್ರು:

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಸಿ ಕಲಿಸಿದವನು ನಾನು. ಎರಡು ಮಾತು ಸೇರಿಸುತ್ತೇನೆ.

ನಮ್ಮ ಲ್ಯಾಬಿನಲ್ಲಿದ್ದದ್ದು ಟರ್ಬೊ ಸಿ ಎಂಬ ಹಳೆಯ ಕಂಪೈಲರ್. ನೀಲಿ ಪರದೆ, ‘ವಾಯ್ಡ್ ಮೇನ್’, ಆರಂಭದಲ್ಲಿ ಪರದೆ ಒರೆಸುವ ಒಂದು ಸಾಲು, ಕೊನೆಯಲ್ಲಿ ಪರದೆ ಮಾಯವಾಗದಂತೆ ಕೀಲಿ ಒತ್ತುವವರೆಗೆ ಕಾಯುವ ಇನ್ನೊಂದು ಸಾಲು. ಇಂಟ್ (ಪೂರ್ಣಾಂಕದ ಟೈಪ್) ಎಂದರೆ 2 ಬೈಟ್, ಅದರ ಗರಿಷ್ಠ ಮೌಲ್ಯ 32767 ಎಂದು ಪಠ್ಯಪುಸ್ತಕದಲ್ಲಿತ್ತು. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುತ್ತಿದ್ದರು. ಆ ಕಂಪೈಲರ್‌ನಲ್ಲಿ ಅದು ನಿಜವೂ ಆಗಿತ್ತು. ಅದೇ ಹುಡುಗರು ಮನೆಯ ಕಂಪ್ಯೂಟರಿನಲ್ಲಿ ಜಿಸಿಸಿ ಎಂಬ ಬೇರೆ ಕಂಪೈಲರ್ ಹಾಕಿಕೊಂಡು 4 ಬೈಟ್ ಬರುತ್ತಿದೆಯಲ್ಲ ಸರ್ ಎಂದು ಬಂದು ಕೇಳಿದಾಗ, ಭಾಷೆಯ ನಿಯಮ ಬೇರೆ, ಒಂದು ಕಂಪೈಲರ್‌ನ ನಡವಳಿಕೆ ಬೇರೆ ಎಂದು ಪುಸ್ತಕ ಎಲ್ಲಿಯೂ ಬಿಡಿಸಿ ಹೇಳಿಲ್ಲವಲ್ಲ ಎಂದು ನನಗೇ ನಾಚಿಕೆಯಾಯಿತು. ಅಂದಿನಿಂದ ಯಾವ ಪುಸ್ತಕ ಕೈಗೆ ಬಂದರೂ ನಾನು ಮೊದಲು ನೋಡುವುದು ಇದನ್ನೇ: ಲೇಖಕರು ಭಾಷೆಯನ್ನು ಕಲಿಸುತ್ತಿದ್ದಾರೋ, ತಮ್ಮ ಮೇಜಿನ ಮೇಲಿನ ಯಂತ್ರವನ್ನು ಕಲಿಸುತ್ತಿದ್ದಾರೋ.

ಕರ್ನಿಗನ್ ಮತ್ತು ಡೆನ್ನಿಸ್ ರಿಚಿ ಅವರ ಸಿ ಪುಸ್ತಕ 1978ರದ್ದು, ಎರಡನೆಯ ಆವೃತ್ತಿ 1988ರದ್ದು. ಮುನ್ನೂರು ಪುಟವೂ ಇಲ್ಲ. ನಮ್ಮ ಕಾಲೇಜಿನಲ್ಲಿ ಬಳಕೆಯಲ್ಲಿದ್ದ ಪುಸ್ತಕ ಅದರ ಎರಡರಷ್ಟು ದಪ್ಪವಿತ್ತು, ಅರ್ಧ ಭಾಗ ಬಿಡಿಸಿದ ಪ್ರೋಗ್ರಾಮ್‌ಗಳು ಮತ್ತು ಅವುಗಳ ಔಟ್‌ಪುಟ್. ಉತ್ತರ ಕೆಳಗೇ ಇರುವಾಗ ಯಾರು ಯೋಚಿಸುತ್ತಾರೆ? ಚಿಕ್ಕ ಪುಸ್ತಕದ ಅಭ್ಯಾಸಗಳಿಗೆ ಉತ್ತರವೇ ಇರಲಿಲ್ಲ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಮಂದಿ ಅದನ್ನು ಅರ್ಧಕ್ಕೆ ಬಿಟ್ಟರು, ಉಳಿದಿಬ್ಬರು ಪ್ರೋಗ್ರಾಮರ್ ಆದರು. ಹಾಗೆಂದು ಆ ಎಂಟು ಮಂದಿಯನ್ನು ದೂರಲಾರೆ. ಅದು ಮೊದಲೇ ಬೇರೊಂದು ಭಾಷೆ ಬಲ್ಲವರಿಗೆ ಬರೆದ ಪುಸ್ತಕ. ಮೊದಲ ಬಾರಿಗೆ ಕಂಪ್ಯೂಟರ್ ಮುಟ್ಟಿದ ಮಕ್ಕಳ ಕೈಗೆ ಅದನ್ನು ಕೊಟ್ಟ ತಪ್ಪು ನನ್ನದು. ಪುಸ್ತಕ ಒಳ್ಳೆಯದೇ ಎಂಬುದರ ಜೊತೆಗೆ, ಯಾರನ್ನು ಎದುರಿಗೆ ಕೂರಿಸಿಕೊಂಡು ಬರೆದಿದ್ದಾರೆ ಎಂಬುದನ್ನೂ ಮುನ್ನುಡಿಯಲ್ಲಿ ಹುಡುಕಬೇಕು.

ಅರೆನಿದ್ರೆ:

ಪುಸ್ತಕವೇ ಏಕೆ ಬೇಕು ಎನ್ನುವುದು ನನಗೆ ಅರ್ಥವಾಗುತ್ತಿಲ್ಲ. ಗೋ ವರ್ಷಕ್ಕೆ ಎರಡು ಬಾರಿ, ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ, ಹೊಸ ಬಿಡುಗಡೆ ಕಾಣುತ್ತದೆ. ಯಾವ ಮುದ್ರಕರು ಆ ವೇಗಕ್ಕೆ ಸರಿಗಟ್ಟುತ್ತಾರೆ? ಗೋ ತಾಣದಲ್ಲಿ ‘ಎ ಟೂರ್ ಆಫ್ ಗೋ’ ಉಚಿತವಾಗಿದೆ, ಜೆನೆರಿಕ್ಸ್ ಕೂಡ ಸೇರಿದೆ, ಬ್ರೌಸರಿನಲ್ಲೇ ಕೋಡ್ ಓಡುತ್ತದೆ. ಭಾಷೆಯ ಅಧಿಕೃತ ನಿರ್ದಿಷ್ಟತಾ ಪತ್ರ ಜಾವಾದ್ದಕ್ಕೆ ಹೋಲಿಸಿದರೆ ಬಹಳ ಚಿಕ್ಕದು, ಜಾವಾ ಬಲ್ಲವರು ಒಂದು ವಾರಾಂತ್ಯದಲ್ಲಿ ಓದಿ ಮುಗಿಸಬಹುದು. ರಸ್ಟ್‌ನವರಂತೂ ತಮ್ಮ ಮುಖ್ಯ ಪುಸ್ತಕವನ್ನೇ ಜಾಲದಲ್ಲಿ ಉಚಿತವಾಗಿ ಇಟ್ಟು ತಿದ್ದುತ್ತಲೇ ಇರುತ್ತಾರೆ. ಕಾಗದದ ಮೇಲೆ ದುಡ್ಡು ಸುರಿಯುವುದು ಅಭ್ಯಾಸಬಲ ಅಷ್ಟೇ.

ಮರಳಿ_ಬಂದವಳು:

ಅರೆನಿದ್ರೆ ಅವರೇ, ಅಭ್ಯಾಸಬಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮಕ್ಕಳಿಗಾಗಿ ಏಳು ವರ್ಷ ಕೆಲಸ ಬಿಟ್ಟು, ಕಳೆದ ವರ್ಷ ಮರಳಿ ಬಂದವಳು ನಾನು. ನೀವು ಹೇಳಿದ ಟೂರ್ ಅನ್ನೇ ಮೊದಲು ಮಾಡಿದೆ. ಎರಡು ಸಂಜೆಗಳಲ್ಲಿ ಮುಗಿಯಿತು. ಸ್ಲೈಸ್ ಎಂದರೇನು ಎಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ ಕೂಡ. ಆದರೆ ಒಂದು ಸ್ಲೈಸಿನಿಂದ ಇನ್ನೊಂದನ್ನು ಕತ್ತರಿಸಿ, ಎರಡನೆಯದಕ್ಕೆ ಅಪೆಂಡ್ ಮಾಡಿದಾಗ (ಕೊನೆಗೆ ಒಂದು ಮೌಲ್ಯ ಸೇರಿಸಿದಾಗ) ಮೊದಲನೆಯದರಲ್ಲಿದ್ದ ಮೌಲ್ಯ ತಾನಾಗಿ ಬದಲಾದದ್ದನ್ನು ಕಂಡು ಕಂಗಾಲಾದೆ. ಎರಡರ ಅಡಿಯಲ್ಲೂ ಇರುವುದು ಒಂದೇ ಅರೇ, ಜಾಗ ಉಳಿದಿದ್ದರೆ ಅಪೆಂಡ್ ಅಲ್ಲಿಯೇ ಬರೆಯುತ್ತದೆ, ಜಾಗ ಸಾಲದಿದ್ದರೆ ಮಾತ್ರ ಹೊಸ ಅರೇಗೆ ಎತ್ತಿಡುತ್ತದೆ. ಜಾವಾದ ಅರೇಲಿಸ್ಟ್ ಮನಸ್ಸಿನಲ್ಲಿದ್ದವರಿಗೆ ಇದು ಹೊಳೆಯುವುದಿಲ್ಲ. 2015ರ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ, ಅಪೆಂಡ್ ಒಳಗೊಳಗೆ ಏನು ಮಾಡುತ್ತದೆ ಎಂಬುದನ್ನು ಒಂದು ಸಣ್ಣ ಫಂಕ್ಷನ್ ಬರೆದು, ಚಿತ್ರ ಹಾಕಿ, ಧಾರಣಶಕ್ತಿ ಹೇಗೆ ಬೆಳೆಯುತ್ತದೆ ಎಂದು ಹೆಜ್ಜೆಹೆಜ್ಜೆಯಾಗಿ ತೋರಿಸಿದ್ದಾರೆ. ಆ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡ ಮೇಲೆ ನನಗೆ ಮತ್ತೆ ಆ ತಪ್ಪಾಗಿಲ್ಲ.

ಇನ್ನೊಂದು ಮಾತನ್ನು ಇಲ್ಲಿ ಯಾರೂ ಎತ್ತಲಿಲ್ಲ. ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಇಂಗ್ಲಿಷ್ ತೊಂದರೆಯಿಲ್ಲ, ಆದರೂ ಪುಟಪುಟಕ್ಕೂ ಹಾಸ್ಯ ಚಟಾಕಿ, ಅಮೆರಿಕದ ಟಿವಿ ಧಾರಾವಾಹಿಗಳ ಉಲ್ಲೇಖ ತುಂಬಿದ ಪುಸ್ತಕಗಳಲ್ಲಿ ವಿಷಯ ಯಾವುದು, ತಮಾಷೆ ಯಾವುದು ಎಂದು ಬೇರ್ಪಡಿಸುವುದಕ್ಕೇ ಅರ್ಧ ಶಕ್ತಿ ಹೋಗುತ್ತದೆ. ಕರ್ನಿಗನ್ ಅವರ ವಾಕ್ಯಗಳು ನೇರ. ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿ. ಎಲ್ಲಿಯೂ ತಡವರಿಸದೆ ಮುಂದೆ ಹೋದರೆ ಆ ಪುಸ್ತಕ ನಮ್ಮಂಥವರಿಗೆ ಸರಿ. ಕನ್ನಡದಲ್ಲೇ ಗೋ ಬಗ್ಗೆ ಇಂಥ ಪುಸ್ತಕವಿದ್ದಿದ್ದರೆ ಎಂಬ ಆಸೆ ಬೇರೆಯೇ ಮಾತು.

ಅರೆನಿದ್ರೆ:

ಸ್ಲೈಸ್ ವಿಷಯದಲ್ಲಿ ಸೋತೆ, ಮೇಡಂ. ನಾನೂ ಅದನ್ನು ಪೆಟ್ಟು ತಿಂದೇ ಕಲಿತದ್ದು.

ಗುಂಡುಸೂಜಿ:

ಕೊನೆಯದಾಗಿ ಒಂದು. 2015ರದ್ದನ್ನೇ ಓದುವುದಾದರೆ ಎಂಟನೆಯ ಅಧ್ಯಾಯದಲ್ಲಿ ಗೋರುಟೀನ್‌ಗಳನ್ನು (ಒಂದೇ ಕಾಲಕ್ಕೆ ನಡೆಯುವ ಹಗುರ ಕೆಲಸಗಳನ್ನು) ರದ್ದು ಮಾಡುವ ಭಾಗ ಬಂದಾಗ ನಿಲ್ಲಿ. ಅಲ್ಲಿ ‘ಡನ್’ ಎಂಬ ಚಾನೆಲನ್ನು (ಅವುಗಳ ನಡುವೆ ಸಂದೇಶ ಸಾಗಿಸುವ ದಾರಿಯನ್ನು) ಮುಚ್ಚಿ ಎಲ್ಲರಿಗೂ ಸುದ್ದಿ ಮುಟ್ಟಿಸುತ್ತಾರೆ. ಅದನ್ನು ಓದಿದ ಕೂಡಲೇ ಕಾಂಟೆಕ್ಸ್ಟ್ ಪ್ಯಾಕೇಜಿನ ದಾಖಲೆ ತೆರೆಯಿರಿ; ಒಳಗಿರುವುದು ಅದೇ ಉಪಾಯ ಎಂದು ತಾನಾಗಿ ಕಾಣುತ್ತದೆ. ನೇರವಾಗಿ ಕಾಂಟೆಕ್ಸ್ಟ್‌ನಿಂದ ಶುರು ಮಾಡಿದವರಿಗೆ ಅದು ಎಲ್ಲ ಫಂಕ್ಷನ್ನಿಗೂ ಮೊದಲ ಆರ್ಗ್ಯುಮೆಂಟ್ ಆಗಿ ಹಾಕಬೇಕಾದ ಒಂದು ಶಾಸ್ತ್ರವಾಗಿಯೇ ಉಳಿದುಬಿಡುತ್ತದೆ. ಈ ಒಂದು ಕಡೆ ಹಳೆಯ ಪುಸ್ತಕಕ್ಕೇ ನನ್ನ ಮತ ಎಂದು ಕಡಲತೀರ ಅವರು ಬರೆದಿಟ್ಟುಕೊಳ್ಳಲಿ.

ಜಾವಾ_ಬಿಟ್ಟವ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಸಹೋದ್ಯೋಗಿಯ ಪುಸ್ತಕ ಹಿಂದಿರುಗಿಸಿ 2015ರದ್ದರ ನನ್ನದೇ ಪ್ರತಿ ಕೊಂಡೆ. ನಾಲ್ಕು, ಐದು, ಏಳು, ಎಂಟು ಈ ಕ್ರಮದಲ್ಲಿ ಓದುತ್ತಿದ್ದೇನೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ 1.7, 1.13, 1.16, 1.22 ಎಂದು ಬರೆದು, ಆಯಾ ಬಿಡುಗಡೆಯ ಟಿಪ್ಪಣಿಯನ್ನು ಜಾಲದಲ್ಲಿ ಓದಿ ಬರುತ್ತಿದ್ದೇನೆ. ಜೆನೆರಿಕ್ಸ್‌ಗೆ ಗೋ ತಾಣದ ಪಾಠವೇ ಸಾಕಾಯಿತು. ಜಾವಾದಿಂದ ಬಂದವನಿಗೆ ಅಲ್ಲಿ ಹೊಸದೆನಿಸಿದ್ದು ಕಡಿಮೆ.

ಎಂಟನೆಯ ಅಧ್ಯಾಯದ ಮೊದಲ ಅಭ್ಯಾಸ ಬಿಡಿಸಲು ಮೂರು ಸಂಜೆ ಹಿಡಿಯಿತು. ಬೇರೆ ಬೇರೆ ಊರುಗಳ ಸಮಯ ಹೇಳುವ ಹಲವು ಗಡಿಯಾರ ಸರ್ವರ್‌ಗಳಿಗೆ ಒಂದೇ ಕಾಲಕ್ಕೆ ಸಂಪರ್ಕ ಹೊಂದಿ, ಕಚೇರಿಗಳ ಗೋಡೆಯ ಮೇಲಿನ ಗಡಿಯಾರಗಳ ಸಾಲಿನಂತೆ ತೋರಿಸುವ ಪ್ರೋಗ್ರಾಮ್ ಅದು. ಉತ್ತರ ಎಲ್ಲಿಯೂ ಇಲ್ಲ, ಮೇಷ್ಟ್ರು ಹೇಳಿದ ಹಾಗೆಯೇ. ನನ್ನದರಲ್ಲಿ ಕೋಲ್ಕತ, ಲಂಡನ್, ಟೋಕಿಯೊ ಮೂರೂ ಓಡುತ್ತಿವೆ. ಲಂಡನ್ನಿನ ಸರ್ವರನ್ನು ನಿಲ್ಲಿಸಿದರೆ ಉಳಿದೆರಡೂ ಅದರ ಜೊತೆಗೇ ಸ್ತಬ್ಧವಾಗುತ್ತಿದ್ದವು. ಮೂರನ್ನೂ ಒಂದೇ ಗೋರುಟೀನಿನಲ್ಲಿ ಸರದಿಯಂತೆ ಓದುತ್ತಿದ್ದೆ ಎಂದು ನಿನ್ನೆ ರಾತ್ರಿ ಗೊತ್ತಾಯಿತು. ಈಗ ಲಂಡನ್ ನಿಂತರೂ ಟೋಕಿಯೊ ನಡೆಯುತ್ತದೆ.